ಬುಧವಾರ ಬೀಳಬೇಕಿದ್ದ ಕಲ್ಲು

ನಮ್ಮ ಫ್ಲ್ಯಾಟಿನ ವಾಟ್ಸಾಪ್ ಗ್ರೂಪಿನಲ್ಲಿ ನಾಳೆಯ ಚಿಂತೆ ಯಾರಿಗೂ ಇಲ್ಲ. ಇವತ್ತು ನೀರು ಉಂಟಾ, ಲಿಫ್ಟ್ ಸರಿಯಾಯ್ತಾ, ಅಷ್ಟೇ. ಅಂಥ ಗ್ರೂಪು 2025ರ ಫೆಬ್ರವರಿಯಲ್ಲಿ ವಾರವಿಡೀ 2032ರ ಡಿಸೆಂಬರ್ 22ಕ್ಕೆ ಹೆದರಿತು. ಅವತ್ತು ಆಕಾಶದಿಂದ ಕಲ್ಲು ಬೀಳುತ್ತದಂತೆ. ಎರಡನೇ ಮಹಡಿಯ ಆಂಟಿ ಮೊಬೈಲಿನಲ್ಲಿ ಕ್ಯಾಲೆಂಡರ್ ನೋಡಿ ಬರೆದರು: "ಬುಧವಾರ. ಮೀನಿನ ದಿನವೇ ಬೀಳ್ಬೇಕಾ ಮಾರಾಯ್ರೆ?"

ಕಲ್ಲು ಅಂದರೆ ಒಂದು ಕ್ಷುದ್ರಗ್ರಹ, ಹೆಸರು 2024 ವೈಆರ್4. ಮೂರನೇ ಮಹಡಿಯ ಅಂಕಲ್ "ಇದು ಯಾವ ಆರ್‌ಟಿಓದ್ದು?" ಎಂದು ಕೇಳಿದರು. ನಗಬೇಡಿ, ಅದು ನಂಬರ್ ಪ್ಲೇಟೇ. ವೈ ಅಂದರೆ ಡಿಸೆಂಬರಿನ ಎರಡನೇ ಅರ್ಧ. ಆರ್4 ಅಂದರೆ ಆ ಅರ್ಧ ತಿಂಗಳಲ್ಲಿ ಲೆಕ್ಕಕ್ಕೆ ಸಿಕ್ಕಿದ 117ನೆಯದ್ದು. ಅದಕ್ಕಿಂತ ಮುಂಚಿನ 116ರ ಸುದ್ದಿ ಗ್ರೂಪಿಗೆ ಮುಟ್ಟಿಲ್ಲ, ಪುಣ್ಯ. ಚಿಲಿ ದೇಶದಲ್ಲಿರುವ ಅಟ್ಲಾಸ್ ದೂರದರ್ಶಕಕ್ಕೆ ಇದು ಕಂಡದ್ದು ಡಿಸೆಂಬರ್ 27ಕ್ಕೆ. ಕಲ್ಲು ನಮ್ಮ ಹತ್ತಿರ ಬಂದು ದಾಟಿದ್ದು 25ಕ್ಕೆ. ಕಳ್ಳ ಹೋದ ಮೇಲೆ ಸಿಸಿಟಿವಿ ನೋಡುವುದು ನಮ್ಮ ಊರಲ್ಲಿ ಮಾತ್ರ ಅಂದುಕೊಂಡಿದ್ದೆ.

ಭೂಮಿಯ ದಾರಿಗೆ ಅಡ್ಡ ಬರುವ ಇಂಥ ಕಲ್ಲುಗಳ ಒಂದು ಪಂಗಡಕ್ಕೆ ಅಪೊಲೊ ಎನ್ನುತ್ತಾರೆ. ಇದು ಸೂರ್ಯನಿಗೆ ಒಂದು ಸುತ್ತು ಬರಲು ಸುಮಾರು 4 ವರ್ಷ. ನಮ್ಮ ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ವರ್ಷಗಟ್ಟಲೆ ಎಳೆದು 2020ರಲ್ಲಿ ಮುಗಿಯುವಷ್ಟರಲ್ಲಿ ಇದು ಎರಡು ಸುತ್ತು ಮುಗಿಸಿ ಮೂರನೆಯದಕ್ಕೆ ಹೊರಟಿತ್ತು.

ಭೂಮಿಗೆ ಬಡಿಯುವ ಸಾಧ್ಯತೆ ಮೊದಲು 1% ಇತ್ತು. ಫೆಬ್ರವರಿ 18ಕ್ಕೆ 3.1% ಆಯಿತು. ನಕ್ಷೆಯಲ್ಲಿ ಅದು ಬೀಳಬಹುದಾದ ಉದ್ದನೆಯ ಪಟ್ಟೆ ಅರಬ್ಬಿ ಸಮುದ್ರದ ಮೇಲೂ ಹಾದುಹೋಗಿತ್ತು. ಆ ರಾತ್ರಿ ಟೆರೇಸಿನಲ್ಲಿ ತುರ್ತು ಮೀಟಿಂಗ್. "ದಿನಾ ಹತ್ತಿರ ಬರ್ತಾ ಉಂಟು" ಎಂದು ಅಂಕಲ್ ಬೆವರು ಒರೆಸಿಕೊಂಡರು.

ಹಾಗಲ್ಲ ಅಂಕಲ್, ಎಂದೆ. ಬೊಂಬಾಯಿಯ ನೆಂಟರು ಮತ್ಸ್ಯಗಂಧ ರೈಲು ಹತ್ತಿದ್ದಾರೆ ಅಂತ ಇಟ್ಟುಕೊಳ್ಳಿ, ಯಾರ ಮನೆಗೆ ಅಂತ ಹೇಳಿಲ್ಲ. ಉಡುಪಿಯಿಂದ ಮಂಗಳೂರಿನವರೆಗೆ ನಮ್ಮವರ ಹತ್ತು ಮನೆ. ನಮ್ಮ ಪಾಲಿಗೆ ಹತ್ತರಲ್ಲಿ ಒಂದು. ಉಡುಪಿಯಲ್ಲಿ ಇಳಿಯಲಿಲ್ಲ ಅಂತ ಫೋನ್ ಬಂತು. ಈಗ ಐದೇ ಮನೆ, ಐದರಲ್ಲಿ ಒಂದು. ಅವರೇನೂ ನಮ್ಮ ಮನೆಗೇ ಅಂತ ನಿರ್ಧಾರ ಮಾಡಿಲ್ಲ, ಆದರೂ ನಮ್ಮ ಎದೆಬಡಿತ ಜಾಸ್ತಿ. ಆಮೇಲೆ ಸುರತ್ಕಲ್‌ನಲ್ಲಿ ಇಳಿದರು ಅಂತ ಗೊತ್ತಾಯಿತು. ಸೊನ್ನೆ. ತಂದ ಬಂಗುಡೆ ನಮಗೇ. ಕಲ್ಲಿನದ್ದೂ ಹಾಗೆಯೇ. ನೋಡಿದಷ್ಟೂ ಅದು ಹಾಯಬಹುದಾದ ಜಾಗ ಕಿರಿದಾಗುತ್ತದೆ, ಭೂಮಿ ಆ ಜಾಗದೊಳಗೇ ಇರುವವರೆಗೆ ಶೇಕಡಾ ಏರುತ್ತದೆ, ಹೊರಗೆ ಬಿದ್ದರೆ ಸೊನ್ನೆಗೆ ಇಳಿಯುತ್ತದೆ.

ಅಂಕಲ್‌ಗೆ ನೆಂಟರ ಕಷ್ಟ ಅರ್ಥವಾಯಿತು, ಕಲ್ಲಿನದ್ದು ಆಗಲಿಲ್ಲ. ಟೆರೇಸಿನಲ್ಲಿ ಬೈನಾಕ್ಯುಲರ್ ಇಡಬೇಕು, ಖರ್ಚು ಮೇಂಟೆನೆನ್ಸ್‌ಗೆ ಸೇರಿಸಬೇಕು ಎಂದು ಠರಾವಾಯಿತು. ಸುಮಾರು 60 ಮೀಟರ್ ಅಗಲದ ಕಲ್ಲನ್ನು ಕೋಟಿಗಟ್ಟಲೆ ಕಿಲೋಮೀಟರ್ ದೂರ ಹೋದ ಮೇಲೆ ನೋಡಲು ಬಾಹ್ಯಾಕಾಶದಲ್ಲಿರುವ ಜೇಮ್ಸ್ ವೆಬ್ ದೂರದರ್ಶಕವೇ ಬೇಕಾಯಿತು, ಆದರೆ ಠರಾವು ಠರಾವೇ.

ಫೆಬ್ರವರಿ 24ಕ್ಕೆ ನಾಸಾ ಲೆಕ್ಕ 0.004%ಕ್ಕೆ ಇಳಿಯಿತು. ಗ್ರೂಪಿನಲ್ಲಿ ಕೈಮುಗಿದ ಎಮೋಜಿ ಹನ್ನೊಂದು. ಹರಕೆ ಹೇಳಿಕೊಂಡದ್ದು ತಾನೇ ಎಂದು ಇಬ್ಬರಲ್ಲಿ ಜಗಳ. ಬೈನಾಕ್ಯುಲರ್ ಬಂದಿತ್ತು, ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಆಮೇಲೆ ಅದೇ ಕಲ್ಲು ಚಂದ್ರನಿಗೆ ಬಡಿಯುವ ಸಾಧ್ಯತೆ ಸುಮಾರು 4% ಎಂದು ಸುದ್ದಿ ಬಂದಾಗ ಯಾರೂ ಏನೂ ಬರೆಯಲಿಲ್ಲ. ಚಂದ್ರನಲ್ಲಿ ನಮ್ಮವರ ಫ್ಲ್ಯಾಟ್ ಇಲ್ಲವಲ್ಲ.

ಇತ್ತ ಗೇಟಿನ ಹೊರಗೆ ಚರಂಡಿಯ ಸ್ಲ್ಯಾಬ್ ಒಡೆದು ಎರಡು ಮಳೆಗಾಲವಾಯಿತು. ಯಾರೋ ಮಾವಿನ ಗೆಲ್ಲು ಊರಿದ್ದಾರೆ. ಎಲೆ ಒಣಗಿದಾಗ ಬೇರೆ ಗೆಲ್ಲು. ಮೀಟಿಂಗ್‌ನಲ್ಲಿ ಇದನ್ನೂ ಎತ್ತಿದ್ದೆ. "ಅದು ನಮಗೆ ಅಭ್ಯಾಸ ಆಗಿದೆ ಅಲ್ವಾ" ಎಂದರು ಅಂಕಲ್. ಮೊನ್ನೆ ಬೈನಾಕ್ಯುಲರ್ ಕುತ್ತಿಗೆಗೆ ನೇತುಹಾಕಿ ವಾಕಿಂಗ್ ಹೊರಟರು. ಮೇಲೆ ನೋಡುತ್ತಲೇ ಆ ಗೆಲ್ಲನ್ನು ಸರಿಯಾಗಿ ದಾಟಿಹೋದರು.