ನಾಲ್ಕನೆಯ ತರಗತಿಯಲ್ಲಿ ನಿಂತುಹೋಗುವ ಚಿತ್ರ

ಪ್ರತಿಭಾ ಕಾರಂಜಿಯ ದಿನಗಳು ಬಂದವೆಂದರೆ ನಮ್ಮ ಕೊಪ್ಪಳ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಕಲೆಗೆ ಎಲ್ಲಿಲ್ಲದ ಕಳೆ ಬರುತ್ತದೆ. ಕಂಠಪಾಠ, ಛದ್ಮವೇಷ, ಅಭಿನಯ ಗೀತೆ, ಕ್ಲೇ ಮಾಡೆಲಿಂಗ್ ಎಂದು ಪಟ್ಟಿ ಸಿದ್ಧವಾಗುತ್ತದೆ, ಚೂಟಿಯಾಗಿರುವ ಮಕ್ಕಳನ್ನು ಆರಿಸಿ ತಯಾರಿ ಮಾಡಿಸಿ ಕ್ಲಸ್ಟರ್ ಹಂತಕ್ಕೆ ಕಳಿಸುತ್ತಾರೆ. ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕನಾದ ನನ್ನನ್ನೂ ತೀರ್ಪುಗಾರನೆಂದು ಕರೆಯುತ್ತಾರೆ, ನಾನೂ ಹೋಗುತ್ತೇನೆ. ಆ ಕಾರ್ಯಕ್ರಮದ ಮೇಲೆ ನನಗೆ ಸಿಟ್ಟಿಲ್ಲ. ವೇದಿಕೆ ಹತ್ತಿದ ಮಗುವಿಗೆ ಅದರಿಂದ ಎಷ್ಟು ಧೈರ್ಯ ಬರುತ್ತದೆಂಬುದನ್ನು ಕಂಡಿದ್ದೇನೆ. ನನ್ನ ತಕರಾರು ಇರುವುದು ಕೆಳಗೆ ಕುಳಿತು ಚಪ್ಪಾಳೆ ತಟ್ಟುವ ಉಳಿದ ಮಕ್ಕಳ ವಿಷಯದಲ್ಲಿ. ಅವರಿಗೆ, ಅದರಲ್ಲೂ ನಾಲ್ಕು ಮತ್ತು ಐದನೆಯ ತರಗತಿಯವರಿಗೆ, ವರ್ಷದ ಬೇರೆ ದಿನಗಳಲ್ಲಿ ಕಲೆಯ ಪಾಠವೆಂಬುದೇ ಸಿಗುವುದಿಲ್ಲ.

ಈ ಎರಡು ತರಗತಿಗಳನ್ನೇ ಹೆಸರಿಸಲು ಕಾರಣವಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ, ಏನೇ ಕೊರತೆಗಳಿದ್ದರೂ, ಒಂದರಿಂದ ಮೂರನೆಯ ತರಗತಿಯ ಮಕ್ಕಳಿಗೆ ಹಾಡಿದೆ, ಅಭಿನಯವಿದೆ, ಕೈಗೆಟಕುವ ಎತ್ತರದಲ್ಲಿ ಗೋಡೆಯ ಕಪ್ಪುಹಲಗೆಯಿದೆ, ಬರೆದದ್ದನ್ನು ನೇತುಹಾಕಲು ತಲೆಯ ಮೇಲೊಂದು ಚಪ್ಪರವಿದೆ. ನಾಲ್ಕನೆಯ ತರಗತಿಗೆ ಕಾಲಿಟ್ಟ ಕೂಡಲೇ ಅದೆಲ್ಲ ಮುಗಿದು ಮಗು ಸಾಲಿನಲ್ಲಿ ಕುಳಿತು ನೋಟ್ಸ್ ಬರೆಯತೊಡಗುತ್ತದೆ. ವಿಚಿತ್ರವೆಂದರೆ, ಚಿತ್ರ ಬಿಡಿಸುವ ಮಗುವಿಗೆ ಶಿಕ್ಷಕರ ಅಗತ್ಯ ನಿಜವಾಗಿ ಬೀಳುವುದೇ ಆ ವಯಸ್ಸಿನಲ್ಲಿ. ಮಕ್ಕಳ ಚಿತ್ರಗಳನ್ನು ಹಂತಹಂತವಾಗಿ ಅಧ್ಯಯನ ಮಾಡಿ 1947ರಲ್ಲಿ ಪ್ರಕಟಿಸಿದ ವಿಕ್ಟರ್ ಲೋವೆನ್‌ಫೆಲ್ಡ್ ಗುರುತಿಸಿದಂತೆ, ಏಳರಿಂದ ಒಂಬತ್ತು ವರ್ಷದ ಮಗು ಕಾಗದದ ಕೆಳಗೆ ನೆಲದ ಗೆರೆಯೊಂದನ್ನು ಎಳೆದು ಅದರ ಮೇಲೆ ತನ್ನ ಲೋಕವನ್ನೆಲ್ಲ ನಿಲ್ಲಿಸುತ್ತದೆ. ಮನೆಯ ಗೋಡೆ ಪಾರದರ್ಶಕವಾಗಿ ಒಳಗಿನ ಅಜ್ಜಿಯೂ ಕಾಣುತ್ತಾಳೆ, ಅದರಿಂದ ಮಗುವಿಗೇನೂ ಮುಜುಗರವಿಲ್ಲ. ಒಂಬತ್ತು ದಾಟಿದ ಮೇಲೆ ಅದು ತನ್ನ ಚಿತ್ರವನ್ನು ಕಣ್ಣೆದುರಿನ ವಸ್ತುವಿನ ಜೊತೆ, ಪಕ್ಕದವನ ಚಿತ್ರದ ಜೊತೆ ಹೋಲಿಸಿ ನೋಡಲು ಶುರುಮಾಡುತ್ತದೆ. ಆಗ ಯಾರಾದರೂ ಪಕ್ಕದಲ್ಲಿ ಕುಳಿತು, ದೂರದ್ದು ಹೇಗೆ ಚಿಕ್ಕದಾಗಿ ಕಾಣುತ್ತದೆ, ನೆರಳು ಯಾವ ಕಡೆ ಬೀಳುತ್ತದೆ ಎಂದು ತೋರಿಸಿಕೊಡದಿದ್ದರೆ, 'ನನಗ ಚಿತ್ರ ಬರಂಗಿಲ್ರೀ ಸರ' ಎಂಬ ತೀರ್ಮಾನ ಅಲ್ಲಿಗೇ ಗಟ್ಟಿಯಾಗುತ್ತದೆ. ಎಂಟನೆಯ ತರಗತಿಗೆ ನನ್ನ ಬಳಿ ಬರುವ ಮಕ್ಕಳಲ್ಲಿ ಬಹುಪಾಲು ಆ ಮಾತನ್ನು ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ.

ಅಂಥ ಮಕ್ಕಳಿಗೆ ಊರಿನ ಚಿತ್ರ ಬಿಡಿಸಲು ಹೇಳಿದರೆ ಎರಡು ತ್ರಿಕೋನದ ಬೆಟ್ಟ, ನಡುವೆ ಅರ್ಧ ಸೂರ್ಯ, ಕೆಳಗೊಂದು ಹೊಳೆ, ದಂಡೆಯಲ್ಲಿ ಬಾಗಿದ ತೆಂಗಿನ ಮರ ಬರುತ್ತವೆ. ಗಂಗಾವತಿ, ಆನೆಗೊಂದಿಯ ಕಡೆಯ ಮಕ್ಕಳೂ ಇದನ್ನೇ ಬಿಡಿಸುತ್ತಾರೆ. ಕಿಟಕಿಯಾಚೆ ಬಂಡೆಯ ಮೇಲೆ ಬಂಡೆ ಕೂತ ಗುಡ್ಡವಿದೆ, ಮುಂದೆ ಭತ್ತದ ಗದ್ದೆಯಿದೆ. ಅದರಲ್ಲಿ ಒಂದು ಗೆರೆಯೂ ಕಾಗದಕ್ಕೆ ಇಳಿಯುವುದಿಲ್ಲ. ಅದೇ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡದಲ್ಲಿ, ಬೃಹತ್ ಶಿಲಾ ಸಮಾಧಿಗಳ ಆಸುಪಾಸಿನ ಬಂಡೆಗಳ ಆಸರೆಯಲ್ಲಿ, ಸಾವಿರಾರು ವರ್ಷಗಳ ಹಿಂದಿನ ಜನ ಕೆಂಪು ಬಣ್ಣದಲ್ಲಿ ಮನುಷ್ಯರನ್ನೂ ಪ್ರಾಣಿಗಳನ್ನೂ ಬಿಡಿಸಿಟ್ಟಿದ್ದಾರೆ. ಬಡಿದರೆ ದೂರದವರೆಗೆ ಕೇಳಿಸುವ, ನಗಾರಿಯಾಕಾರದ ಕಲ್ಲೂ ಅಲ್ಲಿದೆ. ಆ ತಾಣ 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿತು. ನಮ್ಮ ಶೈಕ್ಷಣಿಕ ಪ್ರವಾಸದ ಬಸ್ಸುಗಳು ಮಾತ್ರ ಅದನ್ನು ಬಿಟ್ಟು ಮೈಸೂರಿನ ದಾರಿ ಹಿಡಿಯುತ್ತವೆ.

ಕಾನೂನು ಏನು ಹೇಳುತ್ತದೆಂದು ನೋಡಿದರೆ, ಅಲ್ಲಿಯೂ ಇದೇ ಕಂದಕ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ, ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಆರರಿಂದ ಎಂಟನೆಯ ತರಗತಿಗೆ ಮಾತ್ರ, ಅದೂ ಮಕ್ಕಳ ಸಂಖ್ಯೆ 100ನ್ನು ಮೀರಿದಾಗ ಮಾತ್ರ ಹೇಳಿದೆ. ಐದನೆಯ ತರಗತಿಯವರೆಗೆ ಅಂಥ ಬೋಧಕರ ಮಾತೇ ಇಲ್ಲ. ಅದೇ ಅನುಸೂಚಿ ಈ ಮಕ್ಕಳಿಗೆ ವರ್ಷಕ್ಕೆ 200 ದಿನ, 800 ಗಂಟೆಗಳ ಪಾಠವನ್ನು ನಿಗದಿಪಡಿಸುತ್ತದೆ. ವಾರಕ್ಕೆ 40 ನಿಮಿಷಗಳ ಎರಡು ಅವಧಿಗಳನ್ನು ಕಲೆಗೆ ಮೀಸಲಿಟ್ಟರೂ ಆ 800ರಲ್ಲಿ 50 ಗಂಟೆ ಕೂಡ ಆಗುವುದಿಲ್ಲ.

ಆ 50 ಗಂಟೆಗೂ ಪೈಪೋಟಿಯಿದೆ ಎಂಬುದು ನನಗೆ ಗೊತ್ತಿದೆ. ಐದನೆಯ ತರಗತಿಯೆಂದರೆ ನಮ್ಮ ಭಾಗದಲ್ಲಿ ನವೋದಯ ಮತ್ತು ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಪ್ರವೇಶ ಪರೀಕ್ಷೆಗಳ ವರ್ಷ. ಮಳೆ ಕೈಕೊಟ್ಟರೆ ಗುಳೆ ಹೋಗಬೇಕಾದ ಮನೆಯವರಿಗೆ ವಸತಿ ಶಾಲೆಯ ಒಂದು ಸೀಟು ಎಂದರೆ ಮಗುವಿನ ಊಟ, ವಸತಿ, ಓದು ಎಲ್ಲದರ ಭರವಸೆ. ಅವರು ಮಗುವನ್ನು ಕೋಚಿಂಗ್‌ಗೆ ಹಾಕಿದರೆ ನಾನು ಯಾವ ಬಾಯಿಂದ ತಪ್ಪು ಹೇಳಲಿ? ಆದರೆ ಈ ಪಾಲಕರನ್ನು ಒಪ್ಪಿಸಲು ಕಲಾಭಿಮಾನಿಗಳು ಬಳಸುವ ಒಂದು ವಾದ ನನಗೆ ಹಿಡಿಸುವುದಿಲ್ಲ. ಚಿತ್ರ ಬಿಡಿಸಿದರೆ ಗಣಿತದಲ್ಲಿ ಅಂಕ ಹೆಚ್ಚುತ್ತದೆಂದು ಭಾಷಣಗಳಲ್ಲಿ ಹೇಳುತ್ತಾರೆ. ಹಾರ್ವರ್ಡ್‌ನ ಎಲೆನ್ ವಿನ್ನರ್ ಮತ್ತು ಲೋಯಿಸ್ ಹೆಟ್ಲಂಡ್, ಅದುವರೆಗಿನ ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿ 2000ದಲ್ಲಿ ವರದಿ ಕೊಟ್ಟಾಗ, ಈ ಮಾತಿಗೆ ನಂಬಬಹುದಾದ ಆಧಾರ ಅವರಿಗೆ ಸಿಗಲಿಲ್ಲ. ಕಥೆಯನ್ನು ತರಗತಿಯಲ್ಲೇ ಅಭಿನಯಿಸಿದರೆ ಮಕ್ಕಳ ಭಾಷಾ ಸಾಮರ್ಥ್ಯ ಬೆಳೆಯುತ್ತದೆ ಎಂಬುದಕ್ಕಾದರೆ ಆಧಾರವಿತ್ತು. ಚಿತ್ರ ಕಲಿಯುವುದು ಚಿತ್ರಕ್ಕಾಗಿಯೇ, ನೋಡಿದ್ದನ್ನು ನಿಜವಾಗಿ ನೋಡಲು ಬರಲೆಂದು. ಗಣಿತವನ್ನು ಕಲಿಸುವಾಗ ಅದರಿಂದ ಹಾಡು ಸುಧಾರಿಸುತ್ತದೆಯೇ ಎಂದು ಯಾರೂ ಕೇಳುವುದಿಲ್ಲವಲ್ಲ.

ಕಲಿಸುವವರು ಎಲ್ಲಿದ್ದಾರೆ ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆಗಳಲ್ಲಿ ಉತ್ತರ ಹುಡುಕಬೇಕಾಗಿಲ್ಲ. ಕೊಪ್ಪಳದಿಂದ ಅನತಿ ದೂರದಲ್ಲಿರುವ ಕಿನ್ನಾಳದಲ್ಲಿ ಚಿತ್ರಗಾರ ಕುಟುಂಬಗಳು ಹಗುರವಾದ ಕಟ್ಟಿಗೆಯ ಬಿಡಿಭಾಗಗಳನ್ನು ಹುಣಸೆ ಬೀಜದ ಅಂಟಿನಿಂದ ಜೋಡಿಸಿ, ಗೋಣಿಯ ಚೂರು, ಕಟ್ಟಿಗೆ ಹೊಟ್ಟು ಮತ್ತು ಅದೇ ಅಂಟನ್ನು ಕಲಸಿದ ಕಿಟ್ಟವನ್ನು ಮೇಲೆ ಬಳಿದು, ಅದರ ಮೇಲೆ ಬಣ್ಣ ಕಟ್ಟುತ್ತಾರೆ. ಈ ಸಾಮಾನುಗಳಲ್ಲಿ ಯಾವುದಕ್ಕೂ ಶಾಲೆ ದುಡ್ಡು ಸುರಿಯಬೇಕಾಗಿಲ್ಲ. ಹುಣಸೆ ಬೀಜವನ್ನು ಮಕ್ಕಳೇ ಮನೆಯಿಂದ ತರುತ್ತಾರೆ. ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲು ಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಫೋಟೋ ಹಂಚಿಕೊಂಡೆವು. ರಟ್ಟಿನ ಗೊಂಬೆ, ಬಿಳಿ ಪಂಚೆ, ಒಂದು ಬಲ್ಬು ಇದ್ದರೆ ಐದನೆಯ ತರಗತಿಯ ಕೋಣೆಯಲ್ಲೂ ಆಟ ಕಟ್ಟಬಹುದೆಂದು ಎಷ್ಟು ಶಾಲೆಗಳು ಯೋಚಿಸಿದವು? ಮುದಗಲ್ಲಿನ ಮೊಹರಮ್ಮಿಗೆ ಊರೂರಿನಿಂದ ಹೋಗಿ ಬರುವ ಮಕ್ಕಳ ಕಾಲಲ್ಲಿ ಹೆಜ್ಜೆ, ಕಿವಿಯಲ್ಲಿ ರಿವಾಯತ್ ಪದಗಳು ಇದ್ದೇ ಇರುತ್ತವೆ. ವಾರ್ಷಿಕೋತ್ಸವಕ್ಕೆ ಅದೇ ಮಕ್ಕಳಿಗೆ ಸಿನಿಮಾ ಹಾಡಿನ ಕುಣಿತ ಕಲಿಸಲು ಹೊರಗಿನಿಂದ ಡ್ಯಾನ್ಸ್ ಮಾಸ್ತರನ್ನು ಕರೆಸುತ್ತೇವೆ.

ಕಲಾವಿದರನ್ನು ಒಂದು ದಿನ ಕರೆಸಿ, ಶಾಲು ಹೊದಿಸಿ, ಪ್ರದರ್ಶನ ಮಾಡಿಸಿ ಕಳಿಸುವುದು ಕಲಿಸಿದಂತಲ್ಲ. ಅವರು ವಾರವಾರ ಬರಬೇಕು, ತರಗತಿಯ ಶಿಕ್ಷಕರು ಜೊತೆಗಿರಬೇಕು, ಮತ್ತು ಅವರಿಗೆ ತಿಂಗಳಿಗೆ ಸರಿಯಾಗಿ ಗೌರವಧನ ಸಲ್ಲಬೇಕು. ಈಗಿನ ಅತಿಥಿ ಶಿಕ್ಷಕರ ನಿಯಮಗಳು ಪ್ರಮಾಣಪತ್ರ ಕೇಳುತ್ತವೆ. ಅಕ್ಷರ ಬಾರದೆಯೂ ಬುರ್ರಕಥೆಯ ಕಾವ್ಯಗಳನ್ನು ನೆನಪಿನಿಂದಲೇ ಹಾಡುತ್ತಿದ್ದ, 2014ರಲ್ಲಿ ತೀರಿಕೊಂಡ ಬಳ್ಳಾರಿ ಜಿಲ್ಲೆಯ ದರೋಜಿ ಈರಮ್ಮನಂಥವರು ಇಂದು ಬಂದರೂ ಆ ನಿಯಮ ಅವರನ್ನು ತರಗತಿಗೆ ಬಿಡದು. ಕಲ್ಯಾಣ ಕರ್ನಾಟಕದ ಅನುದಾನದಲ್ಲಿ ಕೋಣೆಗಳಿಗೆ, ಸ್ಮಾರ್ಟ್ ಕ್ಲಾಸ್‌ಗಳಿಗೆ ಹಣ ತೆಗೆದಿಡುವವರು, ಸ್ಥಳೀಯ ಕಲಾವಿದರಿಗೆ ಪ್ರಮಾಣಪತ್ರದಿಂದ ವಿನಾಯಿತಿ ನೀಡಿ ಗೌರವಧನಕ್ಕೂ ಒಂದಿಷ್ಟು ತೆಗೆದಿಡಲಿ. ಇದರಲ್ಲಿ ಇನ್ನೊಂದು ಸಂಗತಿಯೂ ಸೇರಿದೆ: ಗೊಂಬೆ ಆಡಿಸುವ, ಬುರ್ರಕಥೆ ಹೇಳುವ ಅಲೆಮಾರಿ ಸಮುದಾಯಗಳ ಮಕ್ಕಳೂ ನಮ್ಮ ಶಾಲೆಗಳಲ್ಲೇ, ಹೆಚ್ಚಾಗಿ ಹಿಂದಿನ ಸಾಲಿನಲ್ಲಿ, ಕುಳಿತಿರುತ್ತಾರೆ. ತಮ್ಮ ಮನೆಯ ಹಿರಿಯರು ಗುರುಗಳಾಗಿ ಹಲಗೆಯ ಮುಂದೆ ನಿಂತದ್ದನ್ನು ಆ ಮಕ್ಕಳು ಒಮ್ಮೆಯಾದರೂ ನೋಡಬೇಕೆಂಬುದು ನನ್ನ ಆಸೆ.

ನಿಯಮ ಬದಲಾಗುವುದು ತಡವಾಗಬಹುದು. ಅಷ್ಟರಲ್ಲಿ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಹೋಗುವ ಪಾಲಕರು, ಕಾಂಪೌಂಡಿನ ಮತ್ತು ಬಿಸಿಯೂಟದ ಚರ್ಚೆ ಮುಗಿದ ಮೇಲೆ, ನಾಲ್ಕು ಮತ್ತು ಐದನೆಯ ತರಗತಿಯ ವೇಳಾಪಟ್ಟಿಯನ್ನು ಕೇಳಿ ನೋಡಲಿ. ಅದರಲ್ಲಿ ಕಲೆಯ ಅವಧಿ ಇಲ್ಲದಿದ್ದರೆ ಹಾಕಿಸಲಿ. ಇದ್ದರೆ, ಹೋದ ವಾರ ಆ ಅವಧಿಯಲ್ಲಿ ಏನು ನಡೆಯಿತೆಂದು ಮಕ್ಕಳನ್ನೇ ಕೇಳಲಿ.