ಯುದ್ಧನೌಕೆಗೆ ಮ್ಯೂಸಿಯಂ, ಗೋಧಿ ತಂದ ಹಡಗಿಗೆ ಗುಜರಿ

ಕಾರವಾರದ ಟ್ಯಾಗೋರ್ ಬೀಚಿಗೆ ಹೋದವರು ಐಎನ್‌ಎಸ್ ಚಪಲ್ ನೋಡಿಯೇ ಇರುತ್ತೀರಿ. ವಿಶಾಖಪಟ್ಟಣದಲ್ಲಿ ಕುರ್ಸುರ ಸಬ್‌ಮರೀನ್ ಇದೆ. ಎರಡನ್ನೂ ಉಳಿಸಿದ್ದು ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಬೇರೆ. ಕ್ಷಿಪಣಿ ಹೊತ್ತ ಹಡಗನ್ನು ಮಕ್ಕಳಿಗೆ ತೋರಿಸುತ್ತೇವೆ. ಗೋಧಿ, ಗೊಬ್ಬರ, ಕಲ್ಲಿದ್ದಲು ಹೊತ್ತು ದೇಶಗಳ ಹೊಟ್ಟೆ ತುಂಬಿಸಿದ ಹಡಗನ್ನು ಯಾಕೆ ತೋರಿಸುವುದಿಲ್ಲ? ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಕಟ್ಟಿದ ಲಿಬರ್ಟಿ ಎಂಬ ಸರಕು ಹಡಗುಗಳ ಬಗ್ಗೆ ಓದಿದಷ್ಟೂ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಹಿನ್ನೆಲೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 1940ರಲ್ಲಿ ಜರ್ಮನ್ ಸಬ್‌ಮರೀನ್‌ಗಳು ಬ್ರಿಟನ್ನಿನ ಸರಕು ಹಡಗುಗಳನ್ನು ಒಂದಾದ ಮೇಲೊಂದು ಮುಳುಗಿಸುತ್ತಿದ್ದವು. ಸಂಡರ್‌ಲ್ಯಾಂಡ್ ಎಂಬ ಇಂಗ್ಲೆಂಡಿನ ಊರಿನ ಹಡಗು ಕಟ್ಟುವ ಮನೆತನದ ಸಿರಿಲ್ ಥಾಂಪ್ಸನ್, 60 ಹಡಗು ಕಟ್ಟಿಸಿಕೊಳ್ಳಲು ಒಂದು ಸಾದಾ ನಕ್ಷೆ ಹಿಡಿದು ಅಮೆರಿಕಕ್ಕೆ ಹೋದರು. ವಾಪಸ್ ಬರುವಾಗ ಅವರಿದ್ದ ಹಡಗಿಗೇ ಟಾರ್ಪೆಡೊ ಹೊಡೆಯಿತು. ಕಾಗದಪತ್ರಗಳ ಸಮೇತ ಲೈಫ್‌ಬೋಟ್ ಹತ್ತಿ ಬದುಕಿ ಬಂದರು. ಅದೇ ಜಾತಿಯ ನಕ್ಷೆಯನ್ನು ತನಗೆ ಬೇಕಾದಂತೆ ತಿದ್ದಿಕೊಂಡ ಅಮೆರಿಕ 1941ರಿಂದ 1945ರೊಳಗೆ 2,700ಕ್ಕೂ ಹೆಚ್ಚು ಲಿಬರ್ಟಿ ಹಡಗುಗಳನ್ನು ಕಟ್ಟಿತು. 441 ಅಡಿ ಉದ್ದ, ಹತ್ತು ಸಾವಿರ ಟನ್ ಸರಕು, 11 ನಾಟ್ ವೇಗ, ಅಂದರೆ ಗಂಟೆಗೆ ಸುಮಾರು 20 ಕಿಲೋಮೀಟರ್. ಐದು ವರ್ಷ ಬಾಳಿದರೆ ಸಾಕು ಅನ್ನುವ ಲೆಕ್ಕ.

ಎಲ್ಲರೂ ಇಲ್ಲಿಯೇ ನಿಂತುಬಿಡುತ್ತಾರೆ. ರಾಬರ್ಟ್ ಇ. ಪಿಯರಿ ಎಂಬ ಹಡಗನ್ನು 1942ರ ನವೆಂಬರಿನಲ್ಲಿ ಐದು ದಿನದೊಳಗೆ ಕಟ್ಟಿ ನೀರಿಗಿಳಿಸಿದರು ಅನ್ನುವ ದಾಖಲೆಯನ್ನು ಮತ್ತೆ ಮತ್ತೆ ಬರೆಯುತ್ತಾರೆ. ಅದು ಪ್ರಚಾರಕ್ಕೆಂದೇ ಮಾಡಿದ ಸಾಹಸ, ಎಲ್ಲ ಹಡಗೂ ಹಾಗೆ ಆಗುತ್ತಿರಲಿಲ್ಲ. ಆ ವೇಗಕ್ಕೆ ಬೆಲೆಯೂ ತೆರಬೇಕಾಯಿತು. ತಗಡುಗಳನ್ನು ರಿವೆಟ್ ಮೊಳೆ ಹೊಡೆದು ಜೋಡಿಸುವ ಬದಲು ವೆಲ್ಡಿಂಗ್ ಮಾಡಿದ್ದರಿಂದ ಇಡೀ ಹಡಗು ಒಂದೇ ಉಕ್ಕಿನ ತುಂಡಿನ ಹಾಗಾಯಿತು. ಡೆಕ್ಕಿನಲ್ಲಿ ಸರಕು ಇಳಿಸುವ ಹ್ಯಾಚ್ ಬಾಯಿಗಳ ಮೂಲೆ ಚೌಕವಾಗಿತ್ತು. ಚಳಿಯ ಕಡಲಲ್ಲಿ ಆ ಮೂಲೆಯಿಂದ ಬಿರುಕು ಶುರುವಾದರೆ ಅದನ್ನು ತಡೆಯಲು ಮಧ್ಯದಲ್ಲಿ ಒಂದು ಜೋಡಣೆಯೂ ಇರಲಿಲ್ಲ. ಕೆಲವು ಹಡಗುಗಳು ನಡುವೆಯೇ ಎರಡು ಹೋಳಾದವು. ತಪ್ಪು ಬರೀ ವೆಲ್ಡಿಂಗ್ ಮಾಡಿದವರದ್ದಲ್ಲ, ಆ ಉಕ್ಕು ತಣ್ಣಗಾದಾಗ ಗಾಜಿನಂತೆ ಪೆಡಸಾಗುತ್ತಿತ್ತು ಎಂದು ಕೇಂಬ್ರಿಡ್ಜಿನ ಲೋಹವಿಜ್ಞಾನಿ ಕಾನ್‌ಸ್ಟನ್ಸ್ ಟಿಪ್ಪರ್ ತೋರಿಸಿಕೊಟ್ಟರು. ಆಮೇಲೆ ಮೂಲೆಗಳನ್ನು ದುಂಡಗೆ ಮಾಡಿದರು, ಬಿರುಕು ದಾಟದಂತೆ ರಿವೆಟ್ ಹೊಡೆದ ಪಟ್ಟಿಗಳನ್ನು ಹಾಕಿದರು.

ನನಗೆ ಇಷ್ಟವಾಗುವ ಕಥೆ ಶುರುವಾಗುವುದೇ ಯುದ್ಧ ಮುಗಿದ ಮೇಲೆ. ಎರಡು ಸಾವಿರಕ್ಕೂ ಹೆಚ್ಚು ಹಡಗು ಉಳಿದಿದ್ದವು. 1946ರಲ್ಲಿ ಕಾಯ್ದೆ ಮಾಡಿ ಅಮೆರಿಕ ಮಾರಾಟಕ್ಕಿಟ್ಟಿತು. ಗ್ರೀಸ್ ತನ್ನ ವ್ಯಾಪಾರಿ ಹಡಗುಗಳಲ್ಲಿ ಬಹುಪಾಲನ್ನು ಯುದ್ಧದಲ್ಲಿ ಕಳೆದುಕೊಂಡಿತ್ತು. ಅಲ್ಲಿನ ಸರ್ಕಾರ ಸಾಲಕ್ಕೆ ಜಾಮೀನು ನಿಂತಿತು, 1947ರ ಹೊತ್ತಿಗೆ ಗ್ರೀಕ್ ಮಾಲೀಕರು ನೂರು ಲಿಬರ್ಟಿಗಳನ್ನು ತೆಗೆದುಕೊಂಡರು. ಇವತ್ತು ಜಗತ್ತಿನ ಅತಿ ದೊಡ್ಡ ಹಡಗು ಮಾಲೀಕರ ಸಾಲಿನಲ್ಲಿ ಗ್ರೀಕರು ಕೂತಿದ್ದಾರಲ್ಲ, ಅದಕ್ಕೆ ಬಂಡವಾಳ ಹುಟ್ಟಿದ್ದು ಈ ಹಡಗುಗಳಲ್ಲಿ. ಅವರು ಇವತ್ತಿಗೂ ಅವನ್ನು ಪುಣ್ಯದ ಹಡಗುಗಳು ಅನ್ನುತ್ತಾರೆ.

ನಿಗದಿತ ದಾರಿ ಅಂತ ಇವಕ್ಕೆ ಇರಲಿಲ್ಲ. ಇವತ್ತು ಕಲ್ಲಿದ್ದಲು, ನಾಳೆ ಅದಿರು, ನಾಡಿದ್ದು ಧಾನ್ಯ. ಬಾಡಿಗೆ ಎಲ್ಲಿ ಸಿಕ್ಕಿದರೆ ಅಲ್ಲಿಗೆ. ಡೆಕ್ ಮೇಲೆ ಸರಕು ಎತ್ತಲು ತಮ್ಮದೇ ಡೆರಿಕ್ ಕಂಬಗಳು, ಹಗ್ಗ ಸುತ್ತಿ ಎಳೆಯುವ ವಿಂಚುಗಳು ಇದ್ದವು. ಹಾಗಾಗಿ ದಡದಲ್ಲಿ ಒಂದೂ ಕ್ರೇನ್ ಇಲ್ಲದ ಬಡ ಬಂದರಿನಲ್ಲೂ ಸರಕು ಇಳಿಸಬಹುದಿತ್ತು. ಹೊಸದಾಗಿ ಸ್ವತಂತ್ರವಾದ ದೇಶಗಳಿಗೆ ಇದು ಎಷ್ಟು ದೊಡ್ಡ ಅನುಕೂಲ ಅಂತ ಯೋಚಿಸಿ.

ಎಂಜಿನ್ ಬಗ್ಗೆ ಎರಡು ಮಾತು ಹೇಳಲೇಬೇಕು. ಆ ಕಾಲಕ್ಕೇ ಹಳತಾಗಿದ್ದ ಉಗಿ ಎಂಜಿನ್ ಅದು. ಮೂರು ಸಿಲಿಂಡರ್, ಒಂದರಲ್ಲಿ ದುಡಿದ ಉಗಿ ಮುಂದಿನದಕ್ಕೆ ಹೋಗಿ ಮತ್ತೆ ದುಡಿಯುತ್ತದೆ. ನಿಮಿಷಕ್ಕೆ ಸುಮಾರು 76 ಸುತ್ತು. ಭಾರಿ ಕ್ರ್ಯಾಂಕುಗಳು ಬರಿಗಣ್ಣಿಗೆ ಕಾಣುವಂತೆ ತಿರುಗುತ್ತಿರುತ್ತವೆ. ಎಣ್ಣೆ ಹಾಕುವ ಆಳು ಪಕ್ಕದಲ್ಲಿ ನಿಂತು, ಕ್ರ್ಯಾಂಕ್ ತನ್ನ ಕಡೆ ಬಂದಾಗ ಅದರ ಲಯಕ್ಕೆ ಸರಿಯಾಗಿ ಕೈ ಒಳಗೆ ಹಾಕಿ, ಬೇರಿಂಗ್ ಮೇಲೆ ಅಂಗೈ ತಾಗಿಸಿ, ಬಿಸಿ ಎಷ್ಟಿದೆ ನೋಡಿ, ತಕ್ಷಣ ಹಿಂದೆಗೆಯುತ್ತಿದ್ದ. ಪಾಳಿ ಮುಗಿಯುವವರೆಗೂ ಇದೇ ಕೆಲಸ. ಒಂದು ಕ್ಷಣ ತಪ್ಪಿದರೆ ಕೈ ಹೋಯಿತು. ಐದು ವರ್ಷದ ಹಡಗನ್ನು ಇಪ್ಪತ್ತು, ಇಪ್ಪತ್ತೈದು ವರ್ಷ ಓಡಿಸಿದ್ದು ಇಂಥ ಕೈಗಳು.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. 1951ರಲ್ಲಿ ಭಾರತದಲ್ಲಿ ಧಾನ್ಯಕ್ಕೆ ತೀವ್ರ ಅಭಾವ. ಅಮೆರಿಕ 19 ಕೋಟಿ ಡಾಲರ್ ಸಾಲ ಕೊಟ್ಟಿತು, ಸುಮಾರು 20 ಲಕ್ಷ ಟನ್ ಗೋಧಿ ಬರಬೇಕು. ತರುವುದು ಯಾವುದರಲ್ಲಿ? ನದಿಗಳಲ್ಲಿ ಲಂಗರು ಹಾಕಿ ನಿಲ್ಲಿಸಿದ್ದ ಯುದ್ಧಕಾಲದ ಸರಕು ಹಡಗುಗಳಿಗೆ ಮತ್ತೆ ಬಾಯ್ಲರ್ ಹೊತ್ತಿಸಿದರು. ಆಮೇಲೆ ಪಿಎಲ್-480 ಎಂಬ ಅಮೆರಿಕದ ಆಹಾರ ನೆರವಿನ ಕಾಯ್ದೆಯಡಿ ಗೋಧಿ ಬರುವ ಕಾಲ ಬಂತು. ಅದರಲ್ಲಿ ಅರ್ಧದಷ್ಟನ್ನಾದರೂ ಅಮೆರಿಕದ ಬಾವುಟದ ಹಡಗುಗಳೇ ಸಾಗಿಸಬೇಕು ಎಂಬ ನಿಯಮವಿತ್ತು. ಆ ಬಾಡಿಗೆಯಿಂದಲೇ ಎಷ್ಟೋ ಮುದಿ ಲಿಬರ್ಟಿಗಳು ಬದುಕಿಕೊಂಡವು. 1953ರಿಂದ ಹತ್ತು ವರ್ಷ ಹಡ್ಸನ್ ನದಿಯಲ್ಲಿ ಸಾಲಾಗಿ ನಿಂತ ಹಡಗುಗಳ ಹೊಟ್ಟೆಯಲ್ಲೇ ಅಮೆರಿಕ ತನ್ನ ಹೆಚ್ಚುವರಿ ಗೋಧಿಯನ್ನು ತುಂಬಿಟ್ಟಿತ್ತು. ರೇಷನ್ ಅಂಗಡಿಯ ಅಮೆರಿಕನ್ ಗೋಧಿಯ ಮಾತು ನಮ್ಮ ಹಿರಿಯರ ಬಾಯಲ್ಲಿ ಕೇಳಿದ್ದೇವೆ. ಅದನ್ನು ಹೊತ್ತು ತಂದ ಹಡಗಿನ ಮಾತು ಮಾತ್ರ ಯಾರೂ ಎತ್ತುವುದಿಲ್ಲ.

ಈ ಜಾತಿಯ ಹಡಗುಗಳಲ್ಲಿ ಭಾರತ ನೆನಪಿಟ್ಟುಕೊಂಡಿರುವುದು ಒಂದನ್ನೇ, ಅದೂ ದುರಂತಕ್ಕಾಗಿ. ಕೆನಡಾದಲ್ಲಿ ಕಟ್ಟಿದ ಫೋರ್ಟ್ ಸ್ಟಿಕೀನ್, ಅದೇ ಸಂಡರ್‌ಲ್ಯಾಂಡ್ ನಕ್ಷೆಯ ಕೂಸು. 1944ರ ಏಪ್ರಿಲ್ 14ರಂದು ಬಾಂಬೆಯ ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿ ಮತ್ತು ಸುಮಾರು 1,400 ಟನ್ ಸ್ಫೋಟಕ ಒಟ್ಟಿಗೆ ಹೊತ್ತು ನಿಂತಿತ್ತು. ಹತ್ತಿಗೆ ಬೆಂಕಿ ಬಿತ್ತು. ಸಂಜೆ ನಾಲ್ಕರ ನಂತರ ಎರಡು ಸಲ ಸಿಡಿದು ನೂರಾರು ಜನ ಸತ್ತರು. ಪ್ರತಿ ವರ್ಷ ಆ ದಿನ ನಮ್ಮೂರುಗಳ ಅಗ್ನಿಶಾಮಕ ಠಾಣೆಗಳಲ್ಲಿ ಸಪ್ತಾಹ ಶುರುವಾಗುವುದು ಅಲ್ಲಿ ಸತ್ತ ಸಿಬ್ಬಂದಿಯ ನೆನಪಿಗೆ. ಅದು ಸರಿಯಾದ ಗೌರವ. ಆದರೆ ಸರಕು ಹಡಗು ಸ್ಫೋಟಿಸಿದರೆ ಮಾತ್ರ ಇತಿಹಾಸ, ಸುಮ್ನೆ ತನ್ನ ಪಾಡಿಗೆ ದುಡಿದರೆ ಲೆಕ್ಕಕ್ಕಿಲ್ಲ ಅನ್ನುವುದು ನ್ಯಾಯವಲ್ಲ, ಅಲ್ವಾ?

ನಾವಿಕರಿಗೂ ಇದೇ ಗತಿ. ಆ ಯುದ್ಧದಲ್ಲಿ ಸತ್ತ ಭಾರತೀಯ ವ್ಯಾಪಾರಿ ನಾವಿಕರು ಸುಮಾರು 6,000. ಮುಂಬೈನ ಮಸ್ಜಿದ್ ಬಂದರ್ ಹತ್ತಿರದ ಸೀಮೆನ್ಸ್ ಹೋಮ್‌ನಲ್ಲಿ ಅವರ ಸ್ಮಾರಕ ಇದೆ. ಅದರ ಬಗ್ಗೆ ಶಾಲೆಯಲ್ಲಿ ನಮಗೆ ಯಾರೂ ಹೇಳಲಿಲ್ಲ. ಅಮೆರಿಕದವರೂ ತಮ್ಮ ವ್ಯಾಪಾರಿ ನಾವಿಕರನ್ನು ಮಾಜಿ ಯೋಧರೆಂದು ಒಪ್ಪಿಕೊಂಡಿದ್ದು 1988ರಲ್ಲಿ.

ಎಪ್ಪತ್ತರ ದಶಕದ ಶುರುವಿನ ಹೊತ್ತಿಗೆ ಬಹುತೇಕ ಎಲ್ಲ ಲಿಬರ್ಟಿಗಳೂ ಗುಜರಿಗೆ ಹೋದವು. ಅವುಗಳ ಜಾಗಕ್ಕೆ ಬಂದ ಎಸ್‌ಡಿ14 ಹಡಗುಗಳು 1968ರಿಂದ ಅದೇ ಸಂಡರ್‌ಲ್ಯಾಂಡಿನಲ್ಲಿ ತಯಾರಾದವು ಅನ್ನುವುದು ನನಗೆ ಬಹಳ ಹಿಡಿಸಿದ ಸಂಗತಿ. ಅಮೆರಿಕದಲ್ಲಿ ಜೆರೆಮಯ್ಯ ಓಬ್ರಯನ್, ಜಾನ್ ಡಬ್ಲ್ಯೂ. ಬ್ರೌನ್ ಎಂಬ ಎರಡು ಹಡಗು ಮ್ಯೂಸಿಯಂಗಳಾಗಿ ಉಳಿದಿವೆ. ಗ್ರೀಕರು ಮಾಡಿದ್ದು ನೋಡಿ. ತಮ್ಮ ನೂರರಲ್ಲಿ ಒಂದೂ ಉಳಿದಿರಲಿಲ್ಲ. 2008ರಲ್ಲಿ ಅಮೆರಿಕವನ್ನು ಕೇಳಿ, ಅರ್ಧ ಬಿಚ್ಚಿಹೋಗಿದ್ದ ಒಂದು ಲಿಬರ್ಟಿಯನ್ನು ಸಮುದ್ರದ ಮೇಲೆ ಎಳೆಸಿಕೊಂಡು ಬಂದರು. ರಿಪೇರಿ ಮಾಡಿ, ಹೆಲ್ಲಾಸ್ ಲಿಬರ್ಟಿ ಎಂದು ಹೆಸರಿಟ್ಟು ಪಿರೇಯಸ್ ಬಂದರಿನಲ್ಲಿ ಮ್ಯೂಸಿಯಂ ಮಾಡಿದರು.

ಗುಜರಾತಿನ ಲೋಥಲ್‌ನಲ್ಲಿ ನಮ್ಮ ರಾಷ್ಟ್ರೀಯ ಕಡಲ ಪರಂಪರೆ ಸಂಕೀರ್ಣ ಕಟ್ಟುತ್ತಿದ್ದಾರೆ. ಹಡಗು ಒಡೆಯುವ ಅಲಂಗ್ ಕೂಡ ಅದೇ ರಾಜ್ಯದಲ್ಲಿದೆ. ಅಲ್ಲಿ ಒಡೆಯಲು ಬಂದ ಹಳೆಯ ಸರಕು ಹಡಗೊಂದರ ಸರಕು ತುಂಬುವ ಹೋಲ್ಡ್, ಡೆರಿಕ್, ಎಂಜಿನ್ ಕೋಣೆ ಇಷ್ಟನ್ನು ಕತ್ತರಿಸಿ ತಂದು ನಿಲ್ಲಿಸಿ ಅಂತ ನಾನು ಪತ್ರ ಬರೆಯುತ್ತಿದ್ದೇನೆ. ಜೊತೆಗೆ ಸಹಿ ಹಾಕುವವರು ಕಾಮೆಂಟಿನಲ್ಲಿ ತಿಳಿಸಿ. ಮನೆಯಲ್ಲಿ ಹಿಂದೆ ಹಡಗಿನಲ್ಲಿ ದುಡಿದವರಿದ್ದರೆ ಅವರನ್ನೂ ಮಾತಾಡಿಸಿ, ಅವರು ಹೇಳಿದ್ದನ್ನು ಬರೆದಿಡಿ.