ಸಾರು ಚೆಲ್ಲಿದ ಊರು

ನಮ್ಮ ಊಟದ ಮೇಜಿನ ಮೇಲೆ ಮೂರು ವಾರದಿಂದ ಇಟಲಿ ಮಲಗಿದೆ. ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಹಾಳೆಗೆ ಮುದ್ರಿಸಿ ತಂದ ನಕ್ಷೆ. ಬೂಟಿನಾಕಾರದ ದೇಶದ ಹಿಮ್ಮಡಿ ನನ್ನ ಕಡೆಗೆ, ಮೇಲಿನ ಹಿಮದ ಬೆಟ್ಟಗಳು ಹೆಂಡತಿಯ ಕಡೆಗೆ. ತಟ್ಟೆ ಇಡಬೇಕಾದರೆ ಸಿಸಿಲಿಯನ್ನು ಮಡಚಬೇಕು. ಹಾಗೆ ಮಡಚಿ ಮಡಚಿಯೇ ಸಿಸಿಲಿ ನಮ್ಮ ಪ್ರವಾಸದ ಪಟ್ಟಿಯಿಂದ ಬಿದ್ದುಹೋಯಿತು. ಬೇರೆ ಕಾರಣ ಏನೂ ಇರಲಿಲ್ಲ, ಪಾಪ. ಅಲ್ಲಿಗೆ ಹೋಗುವ ರೈಲನ್ನು ಹಡಗಿನೊಳಗೆ ಹತ್ತಿಸಿ ಸಮುದ್ರ ದಾಟಿಸುತ್ತಾರೆ ಅಂತ ಗೊತ್ತಾಗಿದ್ದು ಆಮೇಲೆ.

ದಸರಾ ರಜೆಗೆ ಇನ್ನೊಂದಿಷ್ಟು ರಜೆ ಅಂಟಿಸಿದರೆ ನಮಗೆ ಸಿಗುವುದು ಹತ್ತು ದಿನ. ಇಟಲಿ ನಮ್ಮ ಕರ್ನಾಟಕದ ಒಂದೂವರೆಯಷ್ಟಿದೆ. ಯಾರೋ ಹತ್ತು ದಿನಕ್ಕೆ ಬಂದು ಹಂಪಿ, ಬೀದರ್, ಗೋಕರ್ಣ, ಬೇಲೂರು, ಮಡಿಕೇರಿ ಎಲ್ಲಾ ಮುಗಿಸ್ತೀವಿ ಅಂದರೆ ನಾವು ನಗುವುದಿಲ್ಲವೇ? ನಮ್ಮ ಮೊದಲ ಪಟ್ಟಿಯೂ ಥೇಟ್ ಹಾಗೇ ಇತ್ತು. ಮಿಲಾನ್, ಕೋಮೋ ಸರೋವರ, ವೆನಿಸ್, ಪೀಸಾ, ಫ್ಲಾರೆನ್ಸ್, ರೋಮ್, ನೇಪಲ್ಸ್, ಅಮಾಲ್ಫಿ. ನೋಡಿದ ಮಗಳು, "ಅಪ್ಪಾ, ಇದು ಪ್ರವಾಸ ಅಲ್ಲ, ಕೊರಿಯರ್ ಡೆಲಿವರಿ" ಅಂದಳು.

ಸಲಹೆಗೇನೂ ಬರ ಇಲ್ಲ. ಪಕ್ಕದ ಮನೆಯ ನಿವೃತ್ತ ಮ್ಯಾನೇಜರರು ಟೂರ್ ಗುಂಪಿನಲ್ಲಿ ಹೋಗಿ ಬಂದವರು. "ಪೀಸಾ ಬಿಡಬೇಡಿ, ನಮಗೆ ಇಪ್ಪತ್ತೇ ನಿಮಿಷ ಕೊಟ್ಟರು, ಅಷ್ಟರಲ್ಲೇ ವಾಲಿದ ಗೋಪುರ ತಳ್ಳಿ ಬಂದೆವು" ಅಂದರು. ಎರಡೂ ಕೈ ಎತ್ತಿ ತಳ್ಳಿಯೂ ತೋರಿಸಿದರು. ಮ್ಯೂನಿಕ್‌ನಲ್ಲಿರುವ ಅಕ್ಕನ ಮಗ ಡೊಲೊಮೈಟ್ಸ್ ಬೆಟ್ಟ ನೋಡದಿದ್ದರೆ ಇಟಲಿಗೆ ಹೋಗುವುದೇ ದಂಡ ಅನ್ನುತ್ತಾನೆ. ಆಫೀಸಿನ ಹುಡುಗಿಗೆ ಅಮಾಲ್ಫಿಯ ಕರಾವಳಿಯೇ ಆಗಬೇಕು, ಅವಳ ಫೋನಿನ ತುಂಬ ನಿಂಬೆಹಣ್ಣು ಮತ್ತು ನೀಲಿ ಸಮುದ್ರ. ಆ ದಾರಿಯ ತಿರುವುಗಳನ್ನು ನಾನೂ ವೀಡಿಯೊದಲ್ಲಿ ನೋಡಿದೆ. ಆಗುಂಬೆ ಘಾಟಿಯನ್ನು ಸಮುದ್ರದ ದಂಡೆಗೆ ತಂದಿಟ್ಟ ಹಾಗಿದೆ. ನನ್ನ ಹೆಂಡತಿಗೆ ಘಾಟಿ ಇಳಿಯಬೇಕಾದರೆ ಬಾಯಲ್ಲಿ ನೆಲ್ಲಿಕಾಯಿ ಅಡಿಕೆ ಇರಲೇಬೇಕು. ಅಮಾಲ್ಫಿಗೆ ಅಲ್ಲೇ ಕೆಂಪು ಗೆರೆ ಬಿತ್ತು.

ಯಾರು ಏನು ಹೇಳಿದರೂ ಅವರು ಹೇಳುವುದು ಇಟಲಿಯ ವಿಷಯ ಅಲ್ಲ, ತಮ್ಮ ವಿಷಯ. ಇದು ಅರ್ಥವಾಗಲು ನನಗೆ ಎರಡು ವಾರ ಬೇಕಾಯಿತು.

ಮೋಸ ಇರುವುದು ರೈಲಿನ ಸಮಯದಲ್ಲಿ. ರೋಮ್‌ನಿಂದ ಫ್ಲಾರೆನ್ಸ್‌ಗೆ ಒಂದೂವರೆ ಗಂಟೆ. ನಮ್ಮ ಬನಶಂಕರಿಯಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಹೋಗಲೂ ಅಷ್ಟೇ ಬೇಕು, ಅದೂ ಮಳೆ ಇಲ್ಲದಿದ್ದರೆ. ಫ್ಲಾರೆನ್ಸ್‌ನಿಂದ ವೆನಿಸ್‌ಗೆ ಎರಡು ಗಂಟೆ ಚಿಲ್ಲರೆ. ಗಂಟೆಗೆ 300 ಕಿಲೋಮೀಟರ್ ಓಡುವ ರೈಲು. ಇಷ್ಟು ಹತ್ತಿರ ಇದ್ದಮೇಲೆ ಎಲ್ಲಾ ನೋಡಬಹುದಲ್ಲಾ ಅನ್ನಿಸುತ್ತದೆ. ಆದರೆ ಊರು ಬದಲಿಸುವುದು ಅಂದರೆ ರೈಲು ಹತ್ತುವುದಷ್ಟೇ ಅಲ್ಲ. ಬೆಳಿಗ್ಗೆ ಎದ್ದು ಪೆಟ್ಟಿಗೆ ತುಂಬಬೇಕು. ಒಣಗದ ಬನಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಬೇಕು. ಚಾರ್ಜರ್ ಗೋಡೆಯಲ್ಲೇ ಉಳಿಯಿತಾ ಅಂತ ಎರಡು ಸಲ ನೋಡಬೇಕು. ಕಲ್ಲು ಹಾಸಿದ ಬೀದಿಯಲ್ಲಿ ಟ್ರಾಲಿ ಬ್ಯಾಗನ್ನು ಟಕಟಕ ಎಳೆದು, ಹೊಸ ಹೋಟೆಲಿನವರು ಮಧ್ಯಾಹ್ನದವರೆಗೆ ಕೋಣೆ ಕೊಡುವುದಿಲ್ಲ ಅಂದಾಗ ಕಾಯಬೇಕು. ಒಂದು ಊರು ಬಿಟ್ಟು ಇನ್ನೊಂದು ಊರಿಗೆ ಅಂದರೆ ಅರ್ಧ ದಿನ ಖೋತಾ.

ಈ ಲೆಕ್ಕದಲ್ಲಿ ಮೊದಲು ಸಿಕ್ಕಿಬಿದ್ದಿದ್ದು ವೆನಿಸ್. ಇವಳು ಸುಲಭಕ್ಕೆ ಬಿಡಲಿಲ್ಲ. "ನೀರಿನ ಮೇಲಿನ ಊರು ಮಾರಾಯ್ರೆ, ಅದನ್ನೇ ಬಿಟ್ಟರೆ ಮತ್ತೆ ಎಂತ ಉಂಟು?" ಅಂದಳು. ನಾನು ನನ್ನ ಮಂಡಿಯನ್ನು ಮುಂದೆ ಮಾಡಿದೆ. ಆ ಊರಿನಲ್ಲಿ ಕಾರಿಲ್ಲ, ಆಟೋ ಇಲ್ಲ. ಇರುವುದು ದೋಣಿ ಮತ್ತು 400ಕ್ಕೂ ಹೆಚ್ಚು ಸೇತುವೆ, ಸೇತುವೆಗೆಲ್ಲ ಮೆಟ್ಟಿಲು. ಪೆಟ್ಟಿಗೆ ಹೊರುವವನು ನಾನು. ಹಾಗಾದರೆ ಬೆಳಿಗ್ಗೆ ಹೋಗಿ ಸಂಜೆ ಬರೋಣ ಅಂದಳು. ಹಾಗೆ ಬಂದು ಹೋಗುವವರ ಕಾಟ ತಡೆಯಲಾರದೆ ಆ ಊರಿನವರು 2024ರಿಂದ ಕೆಲವು ದಿನಗಳಲ್ಲಿ ಪ್ರವೇಶಕ್ಕೇ ದುಡ್ಡು ಕೇಳುತ್ತಾರೆ. ದುಡ್ಡು ದೊಡ್ಡದಲ್ಲ, 5 ಯೂರೋದಿಂದ ಶುರು. ಆದರೆ ಗುಂಪೆಲ್ಲ ಖಾಲಿಯಾದ ಮೇಲೆ, ರಾತ್ರಿ, ಸುಮ್ನೆ ನೀರಿನ ಸದ್ದು ಕೇಳಲು ಉಳಿಯದೆ ಹೋದರೆ ಮದುವೆ ಮನೆಗೆ ಹೋಗಿ ಊಟ ಮಾಡದೆ ಬಂದ ಹಾಗೆ. ಇದು ಇವಳಿಗೆ ಒಪ್ಪಿಗೆಯಾಯಿತು. ಆವತ್ತು ರಾತ್ರಿ ಮಾತ್ರ ಸ್ವಲ್ಪ ಜಾಸ್ತಿಯೇ ಮೌನವಾಗಿದ್ದಳು.

ಮಿಲಾನ್ ಕಳೆದುಕೊಂಡಿದ್ದು ಬೇರೆ ಥರ. ಅಲ್ಲಿ ಲಿಯೊನಾರ್ಡೊನ 'ಕೊನೆಯ ಭೋಜನ' ಗೋಡೆಚಿತ್ರ ಇದೆ. ಮುಂಚೆಯೇ ಟಿಕೆಟ್ ಮಾಡಿಸಬೇಕು, ಒಳಗೆ ಬಿಡುವುದು 15 ನಿಮಿಷ. ನಮಗೆ ಬೇಕಾದ ದಿನದ ಟಿಕೆಟ್ ಖಾಲಿ. ಊಟದ ಚಿತ್ರ ನೋಡಲೂ ಪಂಕ್ತಿ ತಪ್ಪಿತು.

ರೋಮ್ ಬಗ್ಗೆ ಜಗಳವೇ ಇರಲಿಲ್ಲ. ನನಗೆ ಪ್ಯಾಂಥಿಯನ್ ಅನ್ನುವ ಹಳೆಯ ದೇವಾಲಯ ಬೇಕು. ಗುಮ್ಮಟದ ನೆತ್ತಿಯಲ್ಲಿ ದೊಡ್ಡ ತೂತು, ಮಳೆ ಬಂದರೆ ನೇರ ಒಳಗೇ ಬೀಳುತ್ತದೆ, ಹರಿದುಹೋಗಲು ನೆಲದಲ್ಲಿ ಸಣ್ಣ ಕಿಂಡಿಗಳಿವೆ. ನಮ್ಮ ತೊಟ್ಟಿಮನೆಯ ಲೆಕ್ಕವೇ, ಆಕಾರ ಮಾತ್ರ ಬೇರೆ. ಇವಳ ಕಾರಣ ಇನ್ನೊಂದು. ಇವಳ ತವರು ಮಂಗಳೂರು, ತಮ್ಮ ಓದಿದ್ದು ಸೇಂಟ್ ಅಲೋಷಿಯಸ್ ಕಾಲೇಜಿನಲ್ಲಿ. ಅಲ್ಲಿನ ಚಾಪೆಲ್‌ನ ಗೋಡೆ, ಚಾವಣಿ ತುಂಬ ಚಿತ್ರ ಬರೆದವರು ಆಂಟೋನಿಯೊ ಮೊಸ್ಕೇನಿ ಅನ್ನುವ ಇಟಲಿಯ ಜೆಸ್ಯೂಟ್ ಬ್ರದರ್, 1900ರ ಆಸುಪಾಸಿನಲ್ಲಿ. ಚಿಕ್ಕವಳಿದ್ದಾಗ ಅಲ್ಲಿ ಕತ್ತೆತ್ತಿ ನೋಡಿ ನೋಡಿ ಬಂದ ಕತ್ತುನೋವು ಇವಳಿಗೆ ಇನ್ನೂ ನೆನಪಿದೆ. ಆ ಅಲೋಷಿಯಸ್ ಸಂತರ ಸಮಾಧಿ ಇರುವುದು ರೋಮ್‌ನ ಸಂತ ಇಗ್ನೇಷಿಯಸ್ ಚರ್ಚಿನಲ್ಲಿ. ಅದೇ ಚರ್ಚಿನಲ್ಲಿ ಒಂದು ಗುಮ್ಮಟ ಇದೆ. ಅಂದರೆ, ಇಲ್ಲ. ಚಪ್ಪಟೆ ಬಟ್ಟೆಯ ಮೇಲೆ ಆಂಡ್ರಿಯಾ ಪೊಟ್ಸೊ ಬರೆದ ಚಿತ್ರ ಅದು. ಒಂದು ಕಡೆ ನಿಂತರೆ ಆಳವಾದ ಗುಮ್ಮಟ, ನಾಲ್ಕು ಹೆಜ್ಜೆ ಸರಿದರೆ ಎಲ್ಲಾ ಸೊಟ್ಟ. "ತಮ್ಮನಿಗೆ ಫೋಟೋ ಕಳಿಸಬೇಕು" ಅಂದಳು. ರೋಮ್‌ಗೆ ಐದು ರಾತ್ರಿ.

ಅಲ್ಲಿಂದಲೇ ಒಂದು ದಿನ ಪಾಂಪೈ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಉಗುಳಿದ ಬೂದಿಯಲ್ಲಿ ಮುಚ್ಚಿಹೋದ ಊರು. ಅಲ್ಲಿನ ಬೇಕರಿಗಳಲ್ಲಿ ಆಳೆತ್ತರದ ಬೀಸುವ ಕಲ್ಲುಗಳು ಇನ್ನೂ ನಿಂತಿವೆ, ಪಕ್ಕದಲ್ಲೇ ಒಲೆ. ನನ್ನ ತಾತ ಹಿಟ್ಟಿನ ಗಿರಣಿ ಇಟ್ಟಿದ್ದವರು. ಇದನ್ನು ಬಿಡಿ ಅಂದರೆ ನಾನು ಬಿಡುವವನಲ್ಲ.

ಉಳಿದಿದ್ದು ಫ್ಲಾರೆನ್ಸ್‌ಗೆ ಮೂರು ರಾತ್ರಿ. ಅಲ್ಲಿನ ಊಫಿತ್ಸಿ ಚಿತ್ರಶಾಲೆಗೆ ಸೋಮವಾರ ರಜೆ, ವ್ಯಾಟಿಕನ್ ಮ್ಯೂಸಿಯಂಗೆ ತಿಂಗಳ ಕೊನೆಯದು ಬಿಟ್ಟು ಮಿಕ್ಕ ಭಾನುವಾರ ರಜೆ. ಹಿಂದೆ ಮುಂದೆ ಜರುಗಿಸಿ ಹೊಂದಿಸಿದೆವು. ಅಲ್ಲಿನ ದೊಡ್ಡ ಚರ್ಚಿಗೆ ಬ್ರುನೆಲೆಸ್ಕಿ ಕಟ್ಟಿದ ಗುಮ್ಮಟ ಹತ್ತಲು 463 ಮೆಟ್ಟಿಲು. ಮತ್ತೆ ನನ್ನ ಮಂಡಿ ಅಡ್ಡ ಬಂತು.

ವೀಸಾ ಏಜೆಂಟ್ ಬೇರೆ ದಿನಾ ಫೋನ್ ಮಾಡುತ್ತಿದ್ದ. "ಸಾರ್, ಯಾವ ರಾತ್ರಿ ಎಲ್ಲಿ ಮಲಗ್ತೀರಿ, ಬರೆದು ಕೊಡಿ." ಐವತ್ತಾರು ವರ್ಷದಲ್ಲಿ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ಬೇಕಾಗಿದ್ದು ಒಂಬತ್ತು ರಾತ್ರಿ, ನಮ್ಮ ಹತ್ತಿರ ಎಂಟಕ್ಕೆ ಲೆಕ್ಕ ಇತ್ತು. ಒಂಬತ್ತನೆಯದಕ್ಕೆ ನಾನು ಪೀಸಾ ಅಂದರೆ ಇವಳು ಬೊಲೋನ್ಯ, ಇವಳು ಸಿಯೆನಾ ಅಂದರೆ ನಾನು ಲುಕ್ಕಾ.

ಆಗಲೇ ಸಾರು ಚೆಲ್ಲಿದ್ದು. ಸೌಟು ತಟ್ಟೆಗೆ ಬರುವ ದಾರಿಯಲ್ಲಿ ಒಂದು ಹನಿ, ರೋಮ್ ಮತ್ತು ಫ್ಲಾರೆನ್ಸ್ ನಡುವೆ. ಒರೆಸಲು ಹೋಗಿ ಇನ್ನಷ್ಟು ಹರಡಿತು. ಅರಿಶಿನದ ಕಲೆ, ಹೋಗುವುದಿಲ್ಲ. ನಡುವೆ ಒಂದು ಸಾಸಿವೆ ಕಾಳು. ಅದನ್ನು ಉಗುರಿನಿಂದ ಸರಿಸಿದಳು. ಕೆಳಗೆ ಸಣ್ಣ ಅಕ್ಷರದಲ್ಲಿ ಒರ್ವಿಯೆಟೊ ಅಂತ ಇತ್ತು.

ಹುಡುಕಿದೆವು. ಬಂಡೆಯ ಮೇಲೆ ಕುಳಿತ ಊರು. ಸ್ಟೇಷನ್ ಕೆಳಗೆ, ಹಗ್ಗದಿಂದ ಎಳೆಯುವ ರೈಲಿನಲ್ಲಿ ಮೇಲೆ ಹೋಗಬೇಕು. ಮತ್ತೆ ಒಂದು ಬಾವಿ.

"ಬಾವಿ ನೋಡ್ಲಿಕ್ಕೆ ಇಟಲಿಗೆ ಹೋಗ್ಬೇಕಾ? ಅಮ್ಮನ ಮನೆಯಲ್ಲೇ ಉಂಟಲ್ಲ."

ನಾನು ಓದುತ್ತಾ ಹೋದೆ. 1527ರಲ್ಲಿ ರೋಮ್ ಲೂಟಿಯಾದಾಗ ಪೋಪ್ ಏಳನೇ ಕ್ಲೆಮೆಂಟ್ ಓಡಿಬಂದು ಸೇರಿಕೊಂಡಿದ್ದು ಇಲ್ಲಿ. ಶತ್ರುಗಳು ಸುತ್ತುವರಿದರೆ ನೀರಿಗೇನು ಗತಿ ಅಂತ ಬಂಡೆ ತೋಡಿಸಿದರು. 53 ಮೀಟರ್ ಆಳ. ಒಳಗೆ ಒಂದನ್ನೊಂದು ಸೇರದ ಎರಡು ಸುರುಳಿ ಮೆಟ್ಟಿಲು. ನೀರು ಹೊರುವ ಹೇಸರಗತ್ತೆಗಳು ಒಂದು ದಾರಿಯಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುತ್ತಿದ್ದವು, ಒಂದಕ್ಕೊಂದು ಎದುರಾಗುತ್ತಲೇ ಇರಲಿಲ್ಲ. ಇವಳು ಊಟ ಬಿಟ್ಟು ಕೈ ಒಣಗಿಸಿಕೊಂಡು ಕೂತಿದ್ದಳು. ಇಬ್ಬರೂ ಏನೂ ಹೇಳಲಿಲ್ಲ. ಒಂಬತ್ತನೆಯ ರಾತ್ರಿಯನ್ನು ನಾನು ಫಾರಂನಲ್ಲಿ ಬರೆದೆ.

"ಎಷ್ಟು ಮೆಟ್ಟಿಲು?" ಅಂದಳು ಕೊನೆಗೆ.

"248."

"ನಿಮ್ಮ ಮಂಡಿ?"

ಹೇಸರಗತ್ತೆಗಳೇ ನೀರು ಹೊತ್ತು ಹತ್ತುತ್ತಿದ್ದವಂತಲ್ಲ ಅಂದೆ. "ಹಾಗಾದ್ರೆ ನೀವೂ ಹತ್ತುತ್ತೀರಿ ಬಿಡಿ" ಅಂತ ಎದ್ದು ಕೈತೊಳೆಯಲು ಹೋದಳು.